ಸರ್ವರ್ ಇಲ್ಲ, ಲೈನ್‌ಮನ್ನೂ ಇಲ್ಲ

ನಮ್ಮೂರಲ್ಲಿ ಕರೆಂಟ್ ಹೋದರೆ ಅಮ್ಮ ನನಗೆ ಫೋನ್ ಮಾಡಲ್ಲ. ಲೈನ್‌ಮನ್‌ಗೆ ಮಾಡ್ತಾಳೆ. ಆ ಹುಡುಗನ ಹೆಸರು, ಅವನ ಊರು, ಎಷ್ಟು ಹೊತ್ತಿಗೆ ಯಾವ ಅಂಗಡೀಲಿ ಟೀ ಕುಡೀತಾನೆ ಅನ್ನೋದೆಲ್ಲ ಅವಳಿಗೆ ಗೊತ್ತು. ಅರ್ಧ ಗಂಟೆಗೆ ಬರ್ತಾನೋ ಮಾರನೇ ದಿನ ಬರ್ತಾನೋ, ಅದು ಬೇರೆ ಮಾತು. ಬೈಯೋದಕ್ಕಾದರೂ ಒಬ್ಬ ಮನುಷ್ಯ ಇದ್ದಾನೆ. ಇಂಟರ್ನೆಟ್ ಹೋದಾಗ ಮಾತ್ರ ಅವಳು ಬೆಂಗಳೂರಲ್ಲಿರೋ ನನಗೆ ಫೋನ್ ಮಾಡ್ತಾಳೆ.

ಹೋದ ಸಲ ಹಾಗೇ ಆಯ್ತು. ಶಿಡ್ಲಘಟ್ಟ ತಾಲೂಕಿನ ನಮ್ಮ ಹಳ್ಳಿಯಲ್ಲಿ ರೇಷನ್‌ಗೆ ಹೋಗಿ ಹೆಬ್ಬೆಟ್ಟು ಕೊಡಲಾಗದೆ ಅವಳು ಮೂರನೇ ದಿನ ವಾಪಸ್ ಬಂದಿದ್ದಳು. ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಆ ವಾರ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಮನೆಯವರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಅಂಥ ವಾರದಲ್ಲಿ ಮೂರು ಬೆಳಗ್ಗೆ ಕ್ಯೂನಲ್ಲಿ ನಿಂತು ಬರಿಗೈಲಿ ಬಂದರೆ ಸಿಟ್ಟು ಬರದೆ ಇನ್ನೇನು?

"ಏನಪ್ಪಾ, ಸರ್ವರ್ ಇಲ್ವಂತೆ. ನೀನು ಅದೇ ಕೆಲ್ಸ ತಾನೆ ಮಾಡೋದು? ಯಾರಿಗಾದ್ರೂ ಹೇಳಿ ಸರಿ ಮಾಡ್ಸು."

ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ಯಾರಿಗೆ ಹೇಳಬೇಕು ಅಂತ ಬಿಇ ಓದಿ, ಹತ್ತು ವರ್ಷದ ಮೇಲೆ ಇದೇ ಕಸುಬು ಮಾಡಿಕೊಂಡಿರೋ ನನಗೂ ಗೊತ್ತಿರಲಿಲ್ಲ.

'ಸರ್ವರ್ ಇಲ್ಲ' ಅನ್ನೋ ಮಾತು ನಮ್ಮ ಕಡೆ ಈಗ 'ದೇವರ ಇಚ್ಛೆ' ಅನ್ನೋ ಮಾತಿನ ಜಾಗಕ್ಕೆ ಬಂದು ಕೂತಿದೆ. ತೆಲುಗು ಮಾತಾಡೋ ಮನೆಗಳಲ್ಲಿ 'ಸರ್ವರ್ ಲೇದಂಟ'. ಅದರ ಹಿಂದೆ ನಿಜವಾಗಿ ಏನೇನು ಇರಬಹುದು ಅಂತ ನಮ್ಮ ಕಸುಬಿನವರಿಗೆ ಗೊತ್ತು. ಟವರ್‌ಗೆ ಕರೆಂಟ್ ಇಲ್ಲದೆ ಬ್ಯಾಟರಿ ಮುಗಿದಿರಬಹುದು. ರಸ್ತೆ ಅಗಲ ಮಾಡೋ ಜೆಸಿಬಿ ಫೈಬರ್ ಕತ್ತರಿಸಿರಬಹುದು. ಟವರ್ ಚೆನ್ನಾಗಿದ್ದು, ಒಂದೇ ಹೊತ್ತಿಗೆ ಊರೆಲ್ಲ ವಿಡಿಯೋ ನೋಡ್ತಾ ಇರಬಹುದು. ಇಲ್ಲಾ, ನಿಜವಾಗಲೂ ಸರ್ವರ್ರೇ ಮಲಗಿರಬಹುದು. ನಾಲ್ಕೂ ಬೇರೆ ಬೇರೆ ಕಾಯಿಲೆ, ನಾಲ್ಕಕ್ಕೂ ಬೇರೆ ಬೇರೆ ಹೊಣೆಗಾರರು. ಕ್ಯೂನಲ್ಲಿ ನಿಂತವಳಿಗೆ ಮಾತ್ರ ನಾಲ್ಕಕ್ಕೂ ಒಂದೇ ಉತ್ತರ.

ನಮ್ಮ ಆಫೀಸಲ್ಲಿ ಇದು ನಡೆಯಲ್ಲ. ಗ್ರಾಹಕ ಕಂಪನಿಗೆ ನಾವು ಬರೆದುಕೊಡೋ ಒಪ್ಪಂದದಲ್ಲಿ 99.9 ಪರ್ಸೆಂಟ್ ಅಂತಿದ್ದರೆ, ತಿಂಗಳಿಗೆ ಸುಮಾರು 43 ನಿಮಿಷಕ್ಕಿಂತ ಹೆಚ್ಚು ಹೊತ್ತು ಸೇವೆ ನಿಲ್ಲೋ ಹಾಗಿಲ್ಲ. ನಿಂತರೆ ಬಿಲ್ಲಿನಲ್ಲಿ ಕಡಿತ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಎದ್ದು ಕೂರಬೇಕು. ಸಾವಿರಾರು ಮೈಲಿ ದೂರದ ಯಾವುದೋ ಕಂಪನಿಗೆ ನಾನು ಕೊಡೋ ಈ ಮಾತನ್ನ ನಮ್ಮಮ್ಮನಿಗೆ ಯಾರೂ ಕೊಟ್ಟಿಲ್ಲ.

ಇಂಟರ್ನೆಟ್ಟನ್ನ ಕರೆಂಟು, ನೀರಿನ ಹಾಗೆ ಸಾರ್ವಜನಿಕ ಸೇವೆ ಅಂತ ಕಾನೂನಿನ ಕಟ್ಟಿಗೆ ತರಬೇಕೋ ಬೇಡವೋ ಅನ್ನೋ ಚರ್ಚೆ ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಆಗಾಗ ಬರುತ್ತೆ. ಒಬ್ಬರು ಹೇಳ್ತಾರೆ: "ಬೇಡಪ್ಪ, ಮತ್ತೆ ಫೋನ್ ಕನೆಕ್ಷನ್‌ಗೆ ವರ್ಷಗಟ್ಟಲೆ ಕಾಯೋ ಕಾಲ ಬರುತ್ತೆ." ಇನ್ನೊಬ್ಬರು: "ಎಲ್ಲರಿಗೂ ಫ್ರೀ ಡೇಟಾ ಕೊಟ್ಟರೆ ತಪ್ಪೇನು?" ಇಬ್ಬರೂ ಬೇರೆ ಯಾವುದರ ಬಗ್ಗೆಯೋ ಮಾತಾಡ್ತಿದ್ದಾರೆ ಅಂತ ನನಗನಿಸುತ್ತೆ. ಸಾರ್ವಜನಿಕ ಸೇವೆ ಅಂದರೆ ಸರ್ಕಾರವೇ ನಡೆಸಬೇಕು ಅಂತ ಅರ್ಥವಲ್ಲ. ಪುಕ್ಕಟೆ ಅಂತಲೂ ಅಲ್ಲ. ಕೇಳಿದವರಿಗೆ ಕೊಡಲೇಬೇಕು, ದರ ಏರಿಸಿದರೆ ಕಾರಣ ಹೇಳಬೇಕು, ಕೆಟ್ಟರೆ ನಷ್ಟ ಕಟ್ಟಿಕೊಡಬೇಕು, ಜಗಳ ಆಡೋಕೆ ಒಂದು ಬಾಗಿಲು ಇರಬೇಕು. ಇಷ್ಟೇ. ಕರೆಂಟಿನ ವಿಷಯದಲ್ಲಿ ಈ ನಾಲ್ಕೂ ಕಾನೂನಿನಲ್ಲಿ ಇವೆ. ಇಂಟರ್ನೆಟ್ ವಿಷಯದಲ್ಲಿ ಇವುಗಳ ಚೂರುಪಾರು ಇವೆ ಅಷ್ಟೆ.

ಯಾಕೆ ಬೇಕು ಅನ್ನೋದಕ್ಕೆ ಬಡವರು, ಹಳ್ಳಿ, ಡಿಜಿಟಲ್ ಕಂದರ ಅಂತೆಲ್ಲ ಭಾಷಣ ಬೇಕಾಗಿಲ್ಲ. ನನ್ನ ವಾದ ಸರಳ. ಇಂಟರ್ನೆಟ್ ಬೇಕು ಅಂತ ನಮ್ಮೂರಿನವರು ಅರ್ಜಿ ಹಾಕಿರಲಿಲ್ಲ. ಅದನ್ನ ಕಡ್ಡಾಯ ಮಾಡಿದ್ದು ಸರ್ಕಾರ, ಬ್ಯಾಂಕು ಮತ್ತು ನಮ್ಮಂಥ ಇಂಜಿನಿಯರುಗಳು. ಒಂದನ್ನ ಕಡ್ಡಾಯ ಮಾಡಿದ ಮೇಲೆ ಅದನ್ನ ತಲುಪಿಸೋ ಹೊಣೆಯನ್ನೂ ಯಾರಾದರೂ ಹೊರಬೇಕಲ್ಲ?

ನಮ್ಮ ಜಿಲ್ಲೆಯನ್ನೇ ನೋಡಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಮೊದಲು ಕೂಗಿ ಹರಾಜು ನಡೀತಿತ್ತು. ಈಗ ಇ-ಹರಾಜು. ಲಾಟ್ ನಂಬರ್ ಕಂಪ್ಯೂಟರಿಗೆ ಹೋಗುತ್ತೆ, ರೀಲರ್‌ಗಳು ಮೊಬೈಲಲ್ಲಿ ಬಿಡ್ ಹಾಕ್ತಾರೆ, ದುಡ್ಡು ಬ್ಯಾಂಕ್ ಖಾತೆಗೆ ಬರುತ್ತೆ. ಇದು ಒಳ್ಳೇದೇ, ಅಲ್ಲ ಅನ್ನಲ್ಲ. ಯಾರು ಎಷ್ಟಕ್ಕೆ ಕೂಗಿದರು ಅನ್ನೋದರಲ್ಲಿ ಆಗ್ತಿದ್ದ ಗೋಲ್‌ಮಾಲ್ ಕಮ್ಮಿ ಆಯ್ತು ಅಂತ ನಮ್ಮಪ್ಪನೇ ಹೇಳ್ತಾರೆ. ಆದರೆ ಗೂಡು ಕಾಯೋ ಪದಾರ್ಥವಲ್ಲ. ಒಳಗಿರೋದು ಜೀವ. ಚಂದ್ರಂಕಿಯಿಂದ ಬಿಡಿಸಿದ ಗೂಡು ದಿನದಿನಕ್ಕೆ ತೂಕ ಕಳಕೊಳ್ಳುತ್ತೆ. ಹುಳ ಗೂಡು ಕಟ್ಟಿ ಹತ್ತು ಹನ್ನೆರಡು ದಿನವಾದರೆ ಚಿಟ್ಟೆ ತೂತು ಮಾಡಿಕೊಂಡು ಆಚೆ ಬರುತ್ತೆ, ಆಮೇಲೆ ಆ ಗೂಡಿನಿಂದ ನೂಲು ತೆಗೆಯೋಕೆ ಬರಲ್ಲ. ಅಂದರೆ ಅಪ್ಪನ ಕೈಯಲ್ಲಿರೋದು ನಾಲ್ಕೈದು ದಿನದ ಗಡುವು. ಆ ಗಡುವಿನೊಳಗೆ ನೆಟ್ವರ್ಕ್ ಅರ್ಧ ದಿನ ಕೈಕೊಟ್ಟರೂ ರೈತನಿಗೆ ಅದು 'ಅಡಚಣೆಗಾಗಿ ವಿಷಾದಿಸುತ್ತೇವೆ' ಅಲ್ಲ, ಕಿಲೋ ಲೆಕ್ಕದ ನಷ್ಟ.

ಚಿಂತಾಮಣಿ ಎಪಿಎಂಸಿಗೆ ಹೋಗುವ ಟೊಮ್ಯಾಟೊದ್ದೂ ಇದೇ ಕತೆ. ಕೋಲಾರದಲ್ಲಿ ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯ್ತು ಅನ್ನೋದು ವಾಟ್ಸಾಪಲ್ಲಿ ಗೊತ್ತಾದರೆ ಗಾಡಿ ಅತ್ತ ತಿರುಗುತ್ತೆ, ಗೊತ್ತಾಗದಿದ್ದರೆ ಇತ್ತ. ಪಹಣಿ ಹೇಗೂ 2001ರ ಹೊತ್ತಿಗೆ 'ಭೂಮಿ' ಯೋಜನೆ ಬಂದಾಗಲೇ ಕಂಪ್ಯೂಟರ್ ಸೇರಿತು. ಅದಾದ ಮೇಲೆ ರೇಷನ್, ಪಿಂಚಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್ಪು, ಗೃಹಲಕ್ಷ್ಮಿ ಅರ್ಜಿ ಎಲ್ಲವೂ ಒಂದೊಂದಾಗಿ ಕೈಬರಹದಿಂದ ಹೆಬ್ಬೆಟ್ಟಿಗೆ, ಓಟಿಪಿಗೆ ಬಂದವು.

ಗೌರಿಬಿದನೂರಿನ ಕತೆ ಇನ್ನೂ ತಮಾಷೆಯದು. ಆ ಊರಿನ ಹತ್ತಿರ ಒಂದು ರೇಡಿಯೋ ದೂರದರ್ಶಕ ಇದೆ. 1970ರ ದಶಕದಿಂದ ಅಲ್ಲಿ ಕೂತು ವಿಜ್ಞಾನಿಗಳು ಸೂರ್ಯನಿಂದ, ನಕ್ಷತ್ರಗಳಿಂದ ಬರೋ ಕ್ಷೀಣ ರೇಡಿಯೋ ಅಲೆಗಳನ್ನ ಹಿಡೀತಿದ್ದಾರೆ. ಅದೇ ತಾಲೂಕಿನ ನನ್ನ ಕಾಲೇಜು ಗೆಳೆಯ ಲಾಕ್‌ಡೌನಿನಲ್ಲಿ ಮೀಟಿಂಗ್‌ಗೆ ಅಂತ ದಿನಾ ಬೈಕ್ ಹತ್ತಿ ಊರಾಚೆ ದಿಬ್ಬಕ್ಕೆ ಹೋಗ್ತಿದ್ದ. "ನಮ್ಮ ತಾಲೂಕಲ್ಲಿ ಸೂರ್ಯನ ಸಿಗ್ನಲ್ ಸಿಗುತ್ತೆ ಮಗಾ, ಫೋನ್ ಸಿಗ್ನಲ್ ಸಿಗಲ್ಲ" ಅನ್ನೋದು ಅವನ ಜೋಕು. ಆಗ ನಾವೆಲ್ಲ ನಕ್ಕಿದ್ದೆವು. ಮುಂದೆ 2021ರ ಮಳೆಗಾಲದಲ್ಲಿ ಸುಳ್ಯದ ಕಡೆಯ ಫೋಟೊ ಒಂದು ಎಲ್ಲರ ಫೋನಲ್ಲೂ ಓಡಾಡಿತು. ಮಗಳು ರಸ್ತೆಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಾಳೆ, ಅಪ್ಪ ಮಳೇಲಿ ಕೊಡೆ ಹಿಡಿದು ನಿಂತಿದ್ದಾರೆ. ನಾವು ಅದಕ್ಕೆ ಹಾರ್ಟ್ ಒತ್ತಿ 'ಹ್ಯಾಟ್ಸಾಫ್ ಅಪ್ಪಾ' ಅಂತ ಬರೆದೆವು. ಆ ಅಪ್ಪ ಯಾಕೆ ಅಲ್ಲಿ ನಿಂತಿರಬೇಕಾಯ್ತು ಅಂತ ಕೇಳಿದವರು ಕಮ್ಮಿ.

ಈಗ ಕರೆಂಟಿನ ಕತೆಗೆ ಬರೋಣ. ಯಾಕೆಂದರೆ ಇದೆಲ್ಲ ಒಂದು ಸಲ ನಡೆದುಹೋಗಿರೋ ಕತೆಯೇ.

1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಮುದ್ದೇನಹಳ್ಳಿ ನಮ್ಮ ಜಿಲ್ಲೇಲಿ ಇರೋದರಿಂದ ಎಲ್ಲ ಕೀರ್ತೀನೂ ವಿಶ್ವೇಶ್ವರಯ್ಯನವರಿಗೆ ಕೊಡೋ ಚಾಳಿ ನಮಗಿದೆ. ಆದರೆ ಇದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ. ಆ ಕರೆಂಟ್ ಮೊದಲು ಹೋದದ್ದು ಎಲ್ಲಿಗೆ? ದಾರೀಲಿದ್ದ ಯಾವ ಹಳ್ಳಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಸೀದಾ ಕೋಲಾರದ ಚಿನ್ನದ ಗಣಿಗೆ. ದುಡ್ಡು ಕೊಡೋ ದೊಡ್ಡ ಗಿರಾಕಿ ಅಲ್ಲಿದ್ದ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಗಳು ಇನ್ನೂ ಹಲವು ದಶಕ ಬುಡ್ಡಿ ದೀಪದಲ್ಲೇ ಇದ್ದವು.

ಮಾರುಕಟ್ಟೆ ಕೆಟ್ಟದ್ದು ಅಂತ ಇದನ್ನ ಹೇಳ್ತಿಲ್ಲ. ತಂತಿ ಮೊದಲು ದುಡ್ಡಿದ್ದ ಕಡೆ ಹೋಗುತ್ತೆ, ಅದು ಅದರ ಗುಣ. ಮಿಕ್ಕವರಿಗೆ ತಲುಪಬೇಕಾದರೆ ಯಾರಾದರೂ 'ಕೊಡಲೇಬೇಕು' ಅಂತ ಬರೀಬೇಕು. ಕರೆಂಟಿನ ವಿಷಯದಲ್ಲಿ ಅದನ್ನ ಬರೆದಿದ್ದಾರೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಪ್ರಕಾರ ಮನೆಯವರು ಅರ್ಜಿ ಕೊಟ್ಟರೆ ಒಂದು ತಿಂಗಳೊಳಗೆ ಕರೆಂಟ್ ಕೊಡೋದು ವಿತರಣಾ ಕಂಪನಿಯ ಕರ್ತವ್ಯ. ಹೊಸ ಲೈನ್ ಎಳೀಬೇಕಾದ ಕಡೆ ಇನ್ನಷ್ಟು ಸಮಯ ಉಂಟು, ಆದರೆ 'ನಿಮ್ಮೂರಲ್ಲಿ ನಮಗೆ ಲಾಭ ಇಲ್ಲ' ಅನ್ನೋ ಉತ್ತರ ಇಲ್ಲ. 57ನೇ ಕಲಂ ಪ್ರಕಾರ ಸೇವೆಯ ಗುಣಮಟ್ಟ ತಪ್ಪಿದರೆ ಗ್ರಾಹಕನಿಗೆ ಪರಿಹಾರ. ಬೆಸ್ಕಾಂ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು. ಸಾರ್ವಜನಿಕ ವಿಚಾರಣೆ ನಡೆಯುತ್ತೆ, ರೈತ ಸಂಘದವರು ಎದ್ದು ನಿಂತು ಆಕ್ಷೇಪ ಹೇಳ್ತಾರೆ. ಕೊನೆಗೆ ದರ ಏರೋದು ಏರುತ್ತೆ, ನಿಜ. ಆದರೆ ಕೇಳಿಸಿಕೊಂಡು ಏರುತ್ತೆ.

ಫೋನ್ ಡೇಟಾ ದರ? 2024ರ ಜುಲೈ ಮೊದಲ ವಾರದಲ್ಲಿ ದೊಡ್ಡ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದು ದರ ಏರಿಸಿದವು. ಯಾವ ವಿಚಾರಣೆಯೂ ಇಲ್ಲ. ದರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು ಅನ್ನೋದು 1997ರಲ್ಲಿ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಬಹುಕಾಲದ ನೀತಿ. ಸೇವೆ ಕೆಟ್ಟರೆ ದೂರು ಕೊಡಬೇಕಾದ್ದು ಕಂಪನಿಯ ಕಾಲ್‌ಸೆಂಟರಿಗೆ. ಅಲ್ಲಿ ಸರಿಹೋಗದಿದ್ದರೆ ಮೇಲ್ಮನವಿ, ಅದೂ ಅದೇ ಕಂಪನಿಯೊಳಗೆ. ಒಬ್ಬೊಬ್ಬ ಗ್ರಾಹಕನ ದೂರನ್ನ ಟ್ರಾಯ್ ತಾನಾಗಿ ವಿಚಾರಿಸೋದಿಲ್ಲ.

ಟ್ರಾಯ್ ಏನೂ ಮಾಡಿಲ್ಲ ಅಂದರೆ ಅನ್ಯಾಯ ಆಗುತ್ತೆ. 2016ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಥರದ ಯೋಜನೆಗಳನ್ನ ತಡೆದು, ಒಂದು ವೆಬ್‌ಸೈಟಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಅನ್ನೋ ಹಾಗಿಲ್ಲ ಅಂತ ಹೇಳಿದ್ದು ಇದೇ ಟ್ರಾಯ್. ನಮ್ಮಲ್ಲಿ ಎಷ್ಟೋ ಜನ ಆಗ ಈಮೇಲ್ ಕಳಿಸಿ ಹೋರಾಟ ಮಾಡಿದ್ದೇವೆ ಅಂತ ಹೆಮ್ಮೆ ಪಡ್ತೀವಿ. ಪಡಲಿ. ಆದರೆ ಆ ಹೋರಾಟ ಆಗಲೇ ನೆಟ್ ಇದ್ದವರದು. ಪೈಪಲ್ಲಿ ಬರೋ ನೀರಿನಲ್ಲಿ ಭೇದ ಮಾಡಬೇಡಿ ಅಂತ ಗೆದ್ದೆವು. ಪೈಪೇ ಇಲ್ಲದ ಮನೆಯ ಮಾತು ಅದರಲ್ಲಿ ಇರಲಿಲ್ಲ.

2024ರ ಅಕ್ಟೋಬರಿನಿಂದ ಜಾರಿಗೆ ಬಂದ ಸೇವಾ ಗುಣಮಟ್ಟದ ಹೊಸ ನಿಯಮಗಳಲ್ಲಿ ನಷ್ಟ ಪರಿಹಾರದ ಮಾತೂ ಬಂದಿದೆ. ಓದಿ ಖುಷಿಯಾಯ್ತು. ಮತ್ತೊಂದು ಸಲ ಓದಿದಾಗ ಖುಷಿ ಇಳೀತು. ಮೊಬೈಲ್ ಸೇವೆ ನಿಂತದ್ದಕ್ಕೆ ಬಾಡಿಗೆಯಲ್ಲಿ ಕಡಿತವೋ ವ್ಯಾಲಿಡಿಟಿ ವಿಸ್ತರಣೆಯೋ ಸಿಗಬೇಕಾದರೆ ಜಿಲ್ಲೆಯ ಮಟ್ಟದಲ್ಲಿ, 24 ಗಂಟೆಗಿಂತ ಹೆಚ್ಚು ಕಾಲ ನಿಂತಿರಬೇಕು. ಜಿಲ್ಲೆ! ಬಾಗೇಪಲ್ಲಿಯಿಂದ ಚಿಂತಾಮಣಿವರೆಗೆ, ಗೌರಿಬಿದನೂರಿನಿಂದ ಶಿಡ್ಲಘಟ್ಟದವರೆಗೆ. ನಮ್ಮೂರಿನ ಒಂದು ಟವರ್ ಮೂರು ದಿನ ಮಲಗಿದರೆ ಆ ಲೆಕ್ಕದಲ್ಲಿ ಏನೂ ಆಗಿಲ್ಲ ಅಂತ ಅರ್ಥ. ಅಮ್ಮ ಮೂರು ದಿನ ಕ್ಯೂನಲ್ಲಿ ನಿಂತದ್ದು ಯಾವ ರಿಪೋರ್ಟಲ್ಲೂ ಬರಲ್ಲ. ಅಳತೆಗೋಲು ಯಾರು ಮಾಡ್ತಾರೋ ಗೆಲ್ಲೋದೂ ಅವರೇ ಅನ್ನೋದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಡ್ಯಾಶ್‌ಬೋರ್ಡ್ ಹಸಿರಾಗಿರಬೇಕು ಅಂದರೆ ಸರಾಸರಿ ತೋರಿಸಿದರೆ ಆಯ್ತು.

ಇನ್ನೊಂದು ವಿಚಿತ್ರ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ 22ಎ ಅಂತ ಒಂದು ಕಲಂ ಸೇರಿಸಿದರು. ಕಾಯಂ ಲೋಕ ಅದಾಲತ್ತಿಗೆ ಒಯ್ಯಬಹುದಾದ 'ಸಾರ್ವಜನಿಕ ಉಪಯುಕ್ತ ಸೇವೆ'ಗಳ ಪಟ್ಟಿ ಅದರಲ್ಲಿದೆ. ಸಾರಿಗೆ, ಕರೆಂಟು, ನೀರು, ಆಸ್ಪತ್ರೆ, ವಿಮೆ ಜೊತೆಗೆ ಅಂಚೆ, ತಂತಿ, ದೂರವಾಣಿ. ಅಂದರೆ ಟೆಲಿಗ್ರಾಮು, ಲ್ಯಾಂಡ್‌ಲೈನು ಸಾರ್ವಜನಿಕ ಸೇವೆ ಅಂತ ನಮ್ಮ ಕಾನೂನು ಆಗಲೇ ಒಪ್ಪಿದೆ. ಟೆಲಿಗ್ರಾಮ್ 2013ರಲ್ಲಿ ನಿಂತೇ ಹೋಯ್ತು. ಅದರ ಹೆಸರು ಪಟ್ಟಿಯಲ್ಲಿ ಉಳಿಯಿತು, ಇಂಟರ್ನೆಟ್ಟಿನ ಹೆಸರು ಬರಲೇ ಇಲ್ಲ. ಹೀಗಾಗಿ ಈ ವಾದ ಹೊಸದಾಗಿ ಒಂದು ತತ್ವ ಕೇಳ್ತಿಲ್ಲ, ಹಳೇ ತತ್ವವನ್ನ ಹೊಸ ತಂತಿಗೆ ಹಚ್ಚಿ ಅಂತಿದೆ ಅಷ್ಟೆ. ಗ್ರಾಹಕರ ಆಯೋಗದ ಬಾಗಿಲು ಟೆಲಿಕಾಂ ದೂರಿಗೂ ತೆರೆದಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಉಪಕಾರ. ಆದರೆ ಇನ್ನೂರು ಚಿಲ್ಲರೆ ರೂಪಾಯಿ ರೀಚಾರ್ಜಿನ ಜಗಳಕ್ಕೆ ಯಾವ ರೈತ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಅಲೀತಾನೆ?

ಹಾಗಾದರೆ ದುಡ್ಡೆಲ್ಲಿಂದ ಬರಬೇಕು ಅಂತೀರಾ? ದುಡ್ಡು ನಾವು ಕೊಡ್ತಾ ಬಂದು 20 ವರ್ಷದ ಮೇಲಾಯ್ತು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಲೆಕ್ಕದಲ್ಲಿ 5 ಪರ್ಸೆಂಟನ್ನು ಹಳ್ಳಿಗಾಡಿನ ಸಂಪರ್ಕಕ್ಕೆಂದೇ ಇರುವ ನಿಧಿಗೆ ಕಟ್ಟುತ್ತವೆ. 2002ರಲ್ಲಿ ಶುರುವಾದ ಆ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ 'ಡಿಜಿಟಲ್ ಭಾರತ್ ನಿಧಿ' ಅಂತ ಹೊಸ ಹೆಸರಿಟ್ಟಿತು. ಕಂಪನಿ ಕಟ್ಟೋದು ಅಂದರೆ ಕೊನೆಗೆ ನನ್ನ ನಿಮ್ಮ ರೀಚಾರ್ಜಿನಿಂದಲೇ. ಆ ದುಡ್ಡಲ್ಲಿ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ 2011ರ ಅಕ್ಟೋಬರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯ್ತು. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಗಳು 1000 ದಿನದಲ್ಲಿ 6 ಲಕ್ಷ ಹಳ್ಳಿಗೂ ಫೈಬರ್ ಅಂದರು. ಆ 1000 ದಿನ 2023ರ ಮೇ ತಿಂಗಳಿಗೆ ಮುಗೀತು. ಅದೇ ಆಗಸ್ಟಲ್ಲಿ ಯೋಜನೆಯನ್ನ ತಿದ್ದಿ 1.39 ಲಕ್ಷ ಕೋಟಿ ರೂಪಾಯಿಗೆ ಮತ್ತೆ ಒಪ್ಪಿಗೆ ಕೊಟ್ಟರು. ನಾನು ನೋಡಿದ ಒಂದು ಪಂಚಾಯ್ತಿ ಆಫೀಸಲ್ಲಿ ಫೈಬರಿನ ಪೆಟ್ಟಿಗೆ ಗೋಡೆ ಮೇಲಿದೆ. ಅದರ ಮೇಲೆ ಕ್ಯಾಲೆಂಡರ್ ನೇತು ಹಾಕಿದ್ದಾರೆ. ಪೆಟ್ಟಿಗೆ ಇಡೋದು ಒಂದು ಯೋಜನೆ. ದಿನಾ ದೀಪ ಉರಿಯೋ ಹಾಗೆ ನೋಡಿಕೊಳ್ಳೋದು ಒಂದು ಕರ್ತವ್ಯ. ನಮ್ಮಲ್ಲಿ ಮೊದಲನೆಯದಕ್ಕೆ ಉದ್ಘಾಟನೆ ಇದೆ, ಎರಡನೆಯದಕ್ಕೆ ಆಳಿಲ್ಲ.

ಈಗ ಎದುರು ವಾದ. ಅದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ.

"2016ರಲ್ಲಿ ಜಿಯೋ ಬಂದ ಮೇಲಲ್ವಾ ನಿಮ್ಮೂರಿಗೆ ಡೇಟಾ ಬಂದದ್ದು? ಕಾನೂನಿನಿಂದಲ್ಲ, ಪೈಪೋಟಿಯಿಂದ" ಅಂತಾರೆ. ನೂರಕ್ಕೆ ನೂರು ನಿಜ. ಅಪ್ಪ ಯೂಟ್ಯೂಬಲ್ಲಿ ಹಿಪ್ಪುನೇರಳೆ ಎಲೆಸುರುಳಿ ಹುಳದ ಮದ್ದು ನೋಡೋದು ಆ ಪೈಪೋಟಿಯ ಪುಣ್ಯ. ಆದರೆ ನಮ್ಮ ಸೀಮೆಯವರಿಗೆ ಇದಕ್ಕೆ ಸರಿಯಾದ ಹೋಲಿಕೆ ಗೊತ್ತು: ಬೋರ್‌ವೆಲ್. ಕೆರೆ ಕಾಲದಲ್ಲಿ ನೀರುಗಂಟಿ ತೂಬು ಎತ್ತಿದಾಗ ಮಾತ್ರ ನೀರು. ಸರದಿ, ಜಗಳ, ಪಂಚಾಯ್ತಿ. ಬೋರ್‌ವೆಲ್ ಬಂದಾಗ ಎಂಥ ಸ್ವಾತಂತ್ರ್ಯ ಅನಿಸಿತು! ಸ್ವಿಚ್ ಒತ್ತಿದರೆ ನೀರು, ಯಾರ ಹಂಗೂ ಇಲ್ಲ. ಕೆರೆ ಕಡೆ ಯಾರೂ ತಿರುಗಿ ನೋಡಲಿಲ್ಲ, ಹೂಳು ತುಂಬಿತು. ನದಿ ನಾಲೆ ಇಲ್ಲದ ಜಿಲ್ಲೆ ನಮ್ಮದು. 200 ಅಡಿಯಿಂದ 500ಕ್ಕೆ, ಸಾವಿರಕ್ಕೆ, 1500ಕ್ಕೆ ಇಳಿದೆವು. ಈಗ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಅದೇ ಕೆರೆಗಳಿಗೆ ತುಂಬಿಸ್ತಿದ್ದಾರೆ. ಬೋರ್‌ವೆಲ್ ತಪ್ಪಲ್ಲ. ನೀರಿರೋ ಕಡೆ ಮಾತ್ರ ಬೋರ್ ಕೊರೀತಾರೆ, ದುಡ್ಡಿದ್ದವನು ಆಳಕ್ಕೆ ಕೊರೀತಾನೆ, ಅಷ್ಟೆ. ಟವರುಗಳೂ ಹಾಗೇ. ಪೈಪೋಟಿ ಗಿರಾಕಿ ಇದ್ದ ಕಡೆ ಕೊರೀತು. ಕೊರೆಯೋ ಲಾರಿಗಳೂ ಈಗ ಮೂರಕ್ಕೆ ಇಳಿದಿವೆ, ಜೊತೆಗೆ ಸರ್ಕಾರದ್ದೊಂದು.

ಹಾಗಂತ ಸರ್ಕಾರವೇ ನಡೆಸಲಿ ಅಂತ ನಾನು ಹೇಳಲ್ಲ. ಗೌರಿಬಿದನೂರಿನ ಗಡಿ ದಾಟಿದರೆ ಹಿಂದೂಪುರ. ಆಂಧ್ರ ಸರ್ಕಾರ ಫೈಬರ್‌ನೆಟ್ ಅಂತ ತನ್ನದೇ ಕಂಪನಿ ಮಾಡಿ, ನೆಲ ಅಗೆಯೋ ಬದಲು ಕರೆಂಟ್ ಕಂಬದ ಮೇಲೆಯೇ ಫೈಬರ್ ಎಳೆದು, ತಿಂಗಳಿಗೆ 149 ರೂಪಾಯಿಯಿಂದ ಕನೆಕ್ಷನ್ ಕೊಡಲು ಹೊರಟಿತು. 2017ರ ಡಿಸೆಂಬರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಒಳ್ಳೇ ಇಂಜಿನಿಯರಿಂಗ್. ಮುಂದೆ ಸರ್ಕಾರ ಬದಲಾಯ್ತು, ಟೆಂಡರ್ ಬಗ್ಗೆ ಸಿಐಡಿ ತನಿಖೆ ಬಂತು, ಯೋಜನೆ ರಾಜಕೀಯದ ಚೆಂಡಾಯ್ತು. ಕೇರಳವೂ ಇಂಟರ್ನೆಟ್ ಜನರ ಹಕ್ಕು ಅಂತ 2017ರಲ್ಲಿ ಹೇಳಿ, 2023ರ ಜೂನಲ್ಲಿ ಕೆ-ಫೋನ್ ಶುರು ಮಾಡಿತು. ನಮ್ಮದೇ ಸರ್ಕಾರಿ ಕರೆಂಟ್ ಕಂಪನಿ ರೈತರಿಗೆ ತ್ರೀಫೇಸ್ ಕೊಡೋದು ಎಷ್ಟೋ ಕಡೆ ರಾತ್ರಿ ಹೊತ್ತು, ಹಾವು ಚೇಳಿನ ಜೊತೆ ತೋಟಕ್ಕೆ ಹೋಗಬೇಕು. ಮಾಲೀಕ ಯಾರು ಅನ್ನೋದಕ್ಕಿಂತ ಮಾಲೀಕನ ಮೇಲೆ ಯಾವ ಕಟ್ಟುಪಾಡು ಇದೆ ಅನ್ನೋದು ಮುಖ್ಯ ಅಂತ ನಾನು ಹೇಳ್ತಿರೋದು ಅದಕ್ಕೇ.

ಇನ್ನೊಂದು ಭಯ ಇದೆ, ಅದು ನನಗೂ ಇದೆ. ಸಾರ್ವಜನಿಕ ಸೇವೆ ಅಂತ ಸರ್ಕಾರದ ಕೈಗೆ ಇನ್ನಷ್ಟು ಹಿಡಿತ ಕೊಟ್ಟರೆ ಬೇಕೆಂದಾಗ ನಿಲ್ಲಿಸೋದೂ ಸುಲಭ ಆಗಲ್ವಾ? 2019ರ ಡಿಸೆಂಬರಲ್ಲಿ ಮಂಗಳೂರಿನಲ್ಲಿ ನೆಟ್ ನಿಲ್ಲಿಸಿದ್ದನ್ನ ನೋಡಿದ್ದೇವೆ. ಆದರೆ ನಿಲ್ಲಿಸೋ ಅಧಿಕಾರ ಸರ್ಕಾರಕ್ಕೆ ಈಗಲೇ ಇದೆ, 2023ರ ಕಾಯ್ದೆಯಲ್ಲೂ ಇದೆ. ಇಲ್ಲದಿರೋದು ಕೊಡುವ ಕರ್ತವ್ಯ. ಒಂದು ಊರಿನಲ್ಲಿ ಗಲಾಟೆ ಆಯ್ತು ಅಂತ ಯಾವ ಜಿಲ್ಲಾಧಿಕಾರಿಯೂ ಆ ಊರಿನ ನೀರು ನಿಲ್ಲಿಸಲ್ಲ. ನೆಟ್ಟನ್ನೂ ನೀರಿನ ಸಾಲಿಗೆ ಸೇರಿಸಿದರೆ ನಿಲ್ಲಿಸೋ ಕೈ ಸ್ವಲ್ಪವಾದರೂ ನಡುಗುತ್ತೆ.

ಕೋರ್ಟುಗಳು ನಮ್ಮ ಪರ ಇವೆಯಲ್ಲ ಅಂತ ಸಮಾಧಾನ ಹೇಳೋರೂ ಇದ್ದಾರೆ. ಕೇರಳ ಹೈಕೋರ್ಟ್ 2019ರಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂದಿತು. 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ಮೂಲಕ ಮಾತಾಡೋದಕ್ಕೂ ವ್ಯಾಪಾರ ಮಾಡೋದಕ್ಕೂ ಸಂವಿಧಾನದ ರಕ್ಷಣೆ ಇದೆ ಅಂದಿತು. 2025ರ ಏಪ್ರಿಲಲ್ಲಿ ಡಿಜಿಟಲ್ ಸೇವೆ ಪಡೆಯೋದು ಬದುಕುವ ಹಕ್ಕಿನ ಭಾಗ ಅಂತಲೂ ಬಂತು. ದೊಡ್ಡ ಮಾತುಗಳು, ಬೇಕಾದ ಮಾತುಗಳು. ಆದರೆ ಇವು ಮುಖ್ಯವಾಗಿ ತಡೀಬೇಡಿ, ಹೊರಗಿಡಬೇಡಿ ಅನ್ನೋ ಮಾತುಗಳು. ಇಂಥ ಊರಿಗೆ, ಇಷ್ಟು ದಿನದೊಳಗೆ, ಇಂಥವರು ಕೊಡಲೇಬೇಕು ಅಂತ ಬರೆಯೋದು ಕೋರ್ಟಿನ ಕೆಲಸವಲ್ಲ. ಫಿನ್ಲೆಂಡಿನವರು ಅದನ್ನ ಕಾನೂನಿನಲ್ಲಿ ಬರೆದರು. 2010ರ ಜುಲೈನಲ್ಲಿ ಅಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕ ಪ್ರತಿಯೊಬ್ಬರ ಹಕ್ಕಾಯ್ತು, ಕೊಡೋದು ಕಂಪನಿಯ ಕರ್ತವ್ಯವಾಯ್ತು. ಬ್ರಿಟನ್ 2020ರಲ್ಲಿ 10 ಮೆಗಾಬಿಟ್ ಅಂತ ಜಾರಿಗೆ ತಂತು. ಅಮೆರಿಕ ಮಾತ್ರ 2015ರಲ್ಲಿ ಹೌದು, 2017ರಲ್ಲಿ ಇಲ್ಲ, 2024ರಲ್ಲಿ ಮತ್ತೆ ಹೌದು, 2025ರ ಜನವರಿಯಲ್ಲಿ ಕೋರ್ಟಿನಿಂದ ಇಲ್ಲ ಅಂತ ಉಯ್ಯಾಲೆ ಆಡ್ತಾ ಇದೆ. ನಮ್ಮಲ್ಲಿ 2023ರಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಮೆಗಾಬಿಟ್ ಅಂತ ಬರೆದರು. ಅದು ವ್ಯಾಖ್ಯೆ. ಪಾಯಸ ಅಂದರೆ ಏನು ಅಂತ ಹೇಳಿದ್ದಾರೆ, ಬಡಿಸೋದು ಯಾರು ಅಂತ ಹೇಳಿಲ್ಲ.

ನನಗೆ ಬೇಕಿರೋದು ದೊಡ್ಡ ಕ್ರಾಂತಿಯೇನಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲಿ ಯಾರು ಅರ್ಜಿ ಕೊಟ್ಟರೂ ಗೊತ್ತಾದ ದಿನದೊಳಗೆ ಸಂಪರ್ಕ ಕೊಡೋ ಹೊಣೆ ಒಂದು ಕಂಪನಿ ಮೇಲಿರಲಿ, ನಷ್ಟ ಆದರೆ ನಾವೇ ಕಟ್ಟಿದ ನಿಧಿಯಿಂದ ತುಂಬಿಕೊಡಲಿ. ಸೇವೆ ನಿಂತದ್ದನ್ನ ಜಿಲ್ಲೆ ಲೆಕ್ಕದಲ್ಲಿ ಅಲ್ಲ, ಟವರ್ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಅಳೀಲಿ. ಯಾವ ಟವರ್ ಎಷ್ಟು ಹೊತ್ತು ಮಲಗಿತ್ತು ಅಂತ ಕಂಪನಿಯ ಕಂಪ್ಯೂಟರಿಗೆ ಆ ಕ್ಷಣವೇ ಗೊತ್ತಾಗುತ್ತೆ, ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಪ್ಯಾಕಿನ ದರವನ್ನೂ ಕಟ್ಟಿಹಾಕೋದು ಬೇಡ, ಅತಿ ಕಡಿಮೆಯ ಒಂದು ಪ್ಯಾಕಿಗಾದರೂ ಕರೆಂಟಿನ ಹಾಗೆ ವಿಚಾರಣೆ ನಡೀಲಿ. ಮತ್ತೆ, ಯಾವ ಇಲಾಖೆ ಓಟಿಪಿ, ಹೆಬ್ಬೆಟ್ಟು ಕಡ್ಡಾಯ ಮಾಡುತ್ತೋ ಅದು ನೆಟ್ ಇಲ್ಲದ ದಿನಕ್ಕೆ ಒಂದು ರಿಜಿಸ್ಟರ್ ಪುಸ್ತಕ, ಒಂದು ಪೆನ್ನು ಇಟ್ಟಿರಲಿ.

ಈ ಕೊನೆಯದರಲ್ಲಿ ನನ್ನ ಪಾಲೂ ಇದೆ. ನಾನು ಬರೆದ ಒಂದು ಸೇವೆಯಲ್ಲಿ 30 ಸೆಕೆಂಡ್ ಉತ್ತರ ಬರದಿದ್ದರೆ ಟೈಮ್‌ಔಟ್, ಮೊದಲಿಂದ ಶುರು ಮಾಡಿ ಅಂತ ಸಂದೇಶ. ಆ 30 ನಾನು ಆರಿಸಿದ ಸಂಖ್ಯೆ. ವೈಟ್‌ಫೀಲ್ಡಿನಲ್ಲಿ ಕೂತು, ಆಫೀಸಿನ ವೈಫೈನಲ್ಲಿ ಟೆಸ್ಟ್ ಮಾಡಿ, ಧಾರಾಳವಾಯ್ತು ಅಂದುಕೊಂಡಿದ್ದೆ. ನೆಟ್ ಇದ್ದೇ ಇರುತ್ತೆ ಅಂತ ನಂಬಿ ಕೋಡ್ ಬರೆಯೋ ನಾವು, ಅದು ಇರಲೇಬೇಕು ಅಂತ ಕೇಳೋದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಮಗೆ ಒಂದಲ್ಲ ಎರಡು ಕನೆಕ್ಷನ್, ಮೇಲೆ ಫೋನಿನ ಹಾಟ್‌ಸ್ಪಾಟ್. ನಂದಿಬೆಟ್ಟಕ್ಕೆ ಹೋಗಿ ಸೂರ್ಯೋದಯದ ಸ್ಟೋರಿ ಹಾಕಿ ಬರೋ ನಮಗೆ, ಆ ಬೆಟ್ಟದ ಆಚೆ ಊರುಗಳಿವೆ ಅನ್ನೋದು ಅಮ್ಮ ಫೋನ್ ಮಾಡಿದಾಗಲೇ ನೆನಪಾಗೋದು.

ಅಮ್ಮನಿಗೆ ರೇಷನ್ ಸಿಕ್ಕಿದ್ದು ನಾಲ್ಕನೇ ದಿನ. ಅಂಗಡಿಯವರು ಮಷೀನನ್ನ ಎತ್ತಿಕೊಂಡು ಪಕ್ಕದ ಮನೆಯ ತಾರಸಿಗೆ ಹೋದರಂತೆ. ಕ್ಯೂ ಪೂರ್ತಿ ಹಿಂದೆಯೇ ಮೆಟ್ಟಿಲು ಹತ್ತಿತಂತೆ. ಮಂಡಿನೋವಿನ ಮುದುಕಿಯರು ಕೆಳಗೇ ಉಳಿದರಂತೆ.

"ಸರ್ವರ್ ಬಂತಾ?" ಅಂತ ಕೇಳಿದೆ.

"ಬಂತು. ಮಾಳಿಗೆ ಮೇಲಿತ್ತು" ಅಂದಳು. ಆಮೇಲೆ, "ಆದ್ರೂ ಇದಕ್ಕೊಬ್ಬ ಲೈನ್‌ಮನ್ ಅಂತ ಇಟ್ಟಿರ್ಬೇಕಿತ್ತು ಕಣಪ್ಪ, ಸರ್ಕಾರದೋರು" ಅಂದಳು.

ಇಷ್ಟು ಉದ್ದ ಬರೆದು ನಾನು ಹೇಳಿದ್ದೂ ಅಷ್ಟನ್ನೇ.